ಎರಡು ಕಥೆ, ಒಂದೇ ಪ್ರಶ್ನೆ



ಹೊರದೇಶದ ಸಿನಿಮಾ, ಧಾರಾವಾಹಿಗಳ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಕೇಳಿದ್ದಾರೆ. ನಾನು ವಿಮರ್ಶಕನಲ್ಲ, ಬರೀ ನೋಡುಗ. ಇದು ಶಾಲೆಯ ಅಂಗಳವಾದ್ದರಿಂದ ಶಾಲೆಯ ಮಕ್ಕಳ ಕಥೆಯಿರುವ ಎರಡನ್ನೇ ಆರಿಸಿಕೊಂಡಿದ್ದೇನೆ.

ಮೊದಲನೆಯದು 2025ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಬ್ರಿಟನ್ನಿನ ‘ಅಡೋಲಸೆನ್ಸ್’. ನಾಲ್ಕೇ ಕಂತು. ಹದಿಮೂರು ವರ್ಷದ ಜೇಮೀಯನ್ನು ಪೊಲೀಸರು ಬೆಳ್ಳಂಬೆಳಗ್ಗೆ ಮನೆಗೆ ನುಗ್ಗಿ ಹಿಡಿದೊಯ್ಯುತ್ತಾರೆ. ತನ್ನ ಶಾಲೆಯ ಹುಡುಗಿ ಕೇಟಿಯನ್ನು ಕೊಂದ ಆರೋಪ. ಮೊದಲ ಕಂತಿನ ಕೊನೆಗೇ ನಿಜ ತಿಳಿದುಬಿಡುತ್ತದೆ. ಉಳಿದ ಮೂರು ಕಂತು ಕೇಳುವುದು ‘ಯಾಕೆ?’ ಎಂದು.

ಪ್ರತಿ ಕಂತನ್ನೂ ಕ್ಯಾಮೆರಾ ನಿಲ್ಲಿಸದೆ ಒಂದೇ ಉಸಿರಿನಲ್ಲಿ ಚಿತ್ರಿಸಿದ್ದಾರೆ. ಇದು ಬರೀ ಕೈಚಳಕ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ. ದೃಶ್ಯ ಕತ್ತರಿಸದ್ದರಿಂದ ನಮಗೂ ಮುಖ ತಿರುಗಿಸಲು ಬಿಡುವಿಲ್ಲ. ಜೇಮೀಯಾಗಿ ನಟಿಸಿದ ಓವನ್ ಕೂಪರ್‌ಗೆ ಇದು ಮೊದಲ ಪಾತ್ರ. ಅದೇ ವರ್ಷ, 15ನೇ ವಯಸ್ಸಿನಲ್ಲಿ ಆತ ಎಮ್ಮಿ ಪ್ರಶಸ್ತಿ ಪಡೆದ.

ಎರಡನೆಯ ಕಂತು ಶಾಲೆಯಲ್ಲೇ ನಡೆಯುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲಿ ಕೇಟಿ ಹಾಕಿದ ಎಮೋಜಿಗಳನ್ನು ನೋಡಿ ಪೊಲೀಸ್ ಅಧಿಕಾರಿ ಅವರಿಬ್ಬರದು ಸ್ನೇಹ ಎಂದುಕೊಂಡಿರುತ್ತಾನೆ. ಅದೇ ಶಾಲೆಯಲ್ಲಿ ಓದುವ ಅವನ ಮಗ ಅಪ್ಪನನ್ನು ಪಕ್ಕಕ್ಕೆ ಕರೆದು, ಅವು ಹಂಗಿಸುವ ಮಾತುಗಳು ಎಂದು ಬಿಡಿಸಿ ಹೇಳುತ್ತಾನೆ. ಕಣ್ಣೆದುರೇ ಇದ್ದ ಅಕ್ಷರ ಓದಲಾಗದವನು ಇಲ್ಲಿ ಅಪ್ಪ! ಕೊನೆಯ ಕಂತಿನಲ್ಲಿ ಜೇಮೀಯ ತಂದೆತಾಯಿ ಕೊರಗುವುದೂ ಇದಕ್ಕೇ: ಮಗ ಮನೆಯಲ್ಲೇ, ತನ್ನ ಕೋಣೆಯಲ್ಲೇ ಇದ್ದಾನೆ, ಇನ್ನೇನು ಭಯ ಎಂದುಕೊಂಡಿದ್ದೆವಲ್ಲ ಎಂದು.

ಎರಡನೆಯದು 1987ರ ಇರಾನಿನ ಚಿತ್ರ, ಅಬ್ಬಾಸ್ ಕಿಯಾರೊಸ್ತಮಿಯವರದು. ಹೆಸರನ್ನು ಕನ್ನಡದಲ್ಲಿ ‘ಗೆಳೆಯನ ಮನೆ ಎಲ್ಲಿ?’ ಎನ್ನಬಹುದು. ಕೋಕರ್ ಎಂಬ ಹಳ್ಳಿಯ ಅಹ್ಮದ್, ಗೆಳೆಯನ ನೋಟ್‌ಬುಕ್ಕನ್ನು ಗೊತ್ತಿಲ್ಲದೆ ಮನೆಗೆ ತಂದಿರುತ್ತಾನೆ. ಇನ್ನೊಮ್ಮೆ ನೋಟ್‌ಬುಕ್ಕಿನಲ್ಲಿ ಬರೆಯದೆ ಬಂದರೆ ಆ ಗೆಳೆಯನನ್ನು ಶಾಲೆಯಿಂದ ಹೊರಹಾಕುವುದಾಗಿ ಮೇಷ್ಟ್ರು ಗದರಿಸಿದ್ದಾರೆ. ತಿರುಗಿ ಕೊಡಬೇಕೆಂದರೆ ಅಮ್ಮ ಕಿವಿಗೊಡುವುದಿಲ್ಲ. ಮೊದಲು ಹೋಮ್‌ವರ್ಕ್ ಮಾಡು, ಮಗು ತೂಗು ಎನ್ನುತ್ತಾಳೆ. ಜೇಬಿನಲ್ಲಿ ಸಿಗರೇಟಿದ್ದರೂ ತಾತ ಸಿಗರೇಟು ತರಲು ಅಟ್ಟುತ್ತಾನೆ, ಹುಡುಗನಿಗೆ ಶಿಸ್ತು ಬರಲಿ ಎಂದು. ಪಕ್ಕದೂರಿಗೆ ಓಡಿ ಅಲೆದರೂ ಮನೆ ಸಿಗುವುದಿಲ್ಲ. ಕೊನೆಗೆ ಅಹ್ಮದ್ ಗೆಳೆಯನ ಪಾಠವನ್ನೂ ತಾನೇ ಬರೆದು ತರುತ್ತಾನೆ.

ಎಲ್ಲ ಕೇಡಿಗೂ ಮೊಬೈಲೇ ಕಾರಣ ಎನ್ನುವ ಮಾತನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಅಹ್ಮದನ ಊರಿನಲ್ಲಿ ಮೊಬೈಲ್ ಇರಲಿಲ್ಲ, ಆದರೂ ಅವನ ಮಾತು ಕೇಳುವ ದೊಡ್ಡವರಿರಲಿಲ್ಲ. ಅವನಿಗೆ ಕಾಳಜಿ ಮಾಡಲು ಒಬ್ಬ ಗೆಳೆಯನಿದ್ದ. ಜೇಮೀಗೆ ಸಿಕ್ಕಿದ್ದು ಹೆಣ್ಣನ್ನು ಹೀಗಳೆಯುವುದೇ ಗಂಡಸುತನ ಎಂದು ಕಲಿಸುವ ಅಂತರ್ಜಾಲದ ಗುರುಗಳು. ನಾವು ಖಾಲಿ ಬಿಟ್ಟ ಕುರ್ಚಿಯಲ್ಲಿ ಯಾರಾದರೂ ಬಂದು ಕೂತೇ ಕೂರುತ್ತಾರೆ.

‘ಅಡೋಲಸೆನ್ಸ್’ ಬಗ್ಗೆ ಒಂದು ತಕರಾರೂ ಇದೆ. ಸತ್ತ ಕೇಟಿಯ ಮನೆಯನ್ನು ಅದು ತೋರಿಸುವುದೇ ಇಲ್ಲ. ಎಲ್ಲರೂ ಹುಡುಗನನ್ನೇ ನೆನೆಯುತ್ತಾರೆ, ಅವಳನ್ನಲ್ಲ ಎಂದು ಮಹಿಳಾ ಪೊಲೀಸ್ ಒಬ್ಬಳ ಬಾಯಲ್ಲಿ ಹೇಳಿಸುತ್ತಾರೆ, ನಿಜ. ಹೇಳಿಸಿದರೆ ಸಾಕೇ? ಇಲ್ಲಿ ಕೂತಿರುವ ಹೆಣ್ಣುಮಕ್ಕಳ ಪರವಾಗಿ ಈ ಪ್ರಶ್ನೆ ಕೇಳುತ್ತಿದ್ದೇನೆ.

ಬ್ರಿಟನ್ನಿನಲ್ಲಿ ಈ ಧಾರಾವಾಹಿಯನ್ನು ಪ್ರೌಢಶಾಲೆಗಳಿಗೆ ಉಚಿತವಾಗಿ ಒದಗಿಸಿದರು. ನಮ್ಮಲ್ಲಿ ಇದನ್ನು ಮೊದಲು ಶಿಕ್ಷಕರು, ಪೋಷಕರು ನೋಡಲಿ. ಮಕ್ಕಳಿಗೆ ಅಹ್ಮದನ ಕಥೆ ತೋರಿಸಿ. ಪರ್ಷಿಯನ್ ಭಾಷೆ ಬಾರದಿದ್ದರೂ ಆ ಹುಡುಗನ ಮುಖ ಅರ್ಥವಾಗುತ್ತದೆ. ಸಿನಿಮಾ ಮುಗಿದ ಮೇಲೆ ದೊಡ್ಡವರು ನೀತಿ ಹೇಳಲು ಏಳಬೇಡಿ. ಹತ್ತು ನಿಮಿಷ ಮಕ್ಕಳು ಮಾತಾಡಲಿ, ನಾವು ಕೇಳೋಣ.

ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಬೆಂಚು, ಬೀರು ಕೊಡುತ್ತಿದ್ದೀರಿ, ಸಂತೋಷ. ಅದರ ಜೊತೆಗೆ ತಿಂಗಳಿಗೊಂದು ಶನಿವಾರ ಇಲ್ಲಿಗೆ ಬಂದು ಮಕ್ಕಳೊಡನೆ ಕೂತು ಒಂದು ಸಿನಿಮಾ ನೋಡಿ ಎಂಬುದು ನನ್ನ ಕೋರಿಕೆ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ.