ಬಾಂಬ್ ಹುಡುಕುವ ಕಣ್ಣಿಗೆ ಬೇರೆ ಕೆಲಸ ಬೇಡ



ಯರಮರಸ್‌ನಲ್ಲಿ ವಿಮಾನ ಇಳಿಯಬೇಕೆಂಬುದು ನಮ್ಮ ರಾಯಚೂರು ಜಿಲ್ಲೆಯ ಹಳೆಯ ಬೇಡಿಕೆ. ಇವತ್ತಿಗೂ ಇಲ್ಲಿನವರು ವಿಮಾನ ಹತ್ತಬೇಕೆಂದರೆ ಹೈದರಾಬಾದಿನಂಥ ದೂರದ ಊರಿಗೆ ಹೋಗಬೇಕು. ಆ ನಿಲ್ದಾಣದ ಆಸೆಯ ಜೊತೆಗೇ ಒಂದು ಕರಡು ನಿರ್ಣಯ ಈ ಸಭೆಯ ಮುಂದೆ ಬಂದಿದೆ: ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಪ್ರತಿ ಪ್ರಯಾಣಿಕರನ್ನೂ ಮಾದಕ ವಸ್ತುಗಳಿಗಾಗಿ ಶೋಧಿಸಬೇಕು ಎಂದು ಸರ್ಕಾರವನ್ನು ಒತ್ತಾಯಿಸುವ ನಿರ್ಣಯ. ಕರಡು ಬರೆದವರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಧ್ಯಕ್ಷ ಸ್ಥಾನದಲ್ಲಿ ಕೂತವರು ಹೂವಿನ ಹಾರದಷ್ಟೇ ಮೆತ್ತಗೆ ಮಾತಾಡಬೇಕೆಂಬ ಕಟ್ಟಳೆ ಎಲ್ಲೂ ಇಲ್ಲ. ಹಾಗಾಗಿ ನೇರವಾಗಿಯೇ ಹೇಳುತ್ತೇನೆ: ಈ ನಿರ್ಣಯ ತಪ್ಪು. ಅದರಿಂದ ವಿಮಾನವೂ ಸುರಕ್ಷಿತವಾಗುವುದಿಲ್ಲ, ಮಾದಕ ವಸ್ತುವೂ ನಿಲ್ಲುವುದಿಲ್ಲ.

ಈ ಸಿಟ್ಟು ಎಲ್ಲಿಂದ ಹುಟ್ಟಿತೆಂಬುದು ಗೊತ್ತಿರುವ ವಿಷಯ. 2025ರ ಮಾರ್ಚ್‌ನಲ್ಲಿ ಮಂಗಳೂರು ನಗರ ಪೊಲೀಸರು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿ ಕಡೆ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರನ್ನು ಬಂಧಿಸಿ, ಅವರ ಟ್ರಾಲಿ ಬ್ಯಾಗುಗಳಿಂದ 37.87 ಕೆ.ಜಿ. ಎಂಡಿಎಂಎ ಮಾದಕ ವಸ್ತು ವಶಪಡಿಸಿಕೊಂಡರು. ಅದರ ಬೆಲೆ ಸುಮಾರು 75 ಕೋಟಿ ರೂಪಾಯಿ ಎಂದು ಲೆಕ್ಕ ಹಾಕಿದರು. ಸರಕು ದೆಹಲಿಯಿಂದ ವಿಮಾನದಲ್ಲೇ ಬಂದಿತ್ತು ಎಂಬುದು ಪೊಲೀಸರ ಹೇಳಿಕೆ. ಒಂದು ವರ್ಷದೊಳಗೆ ಆ ಇಬ್ಬರು ಮುಂಬೈಗೆ 37 ಸಲ, ಬೆಂಗಳೂರಿಗೆ 22 ಸಲ ಹಾರಿದ್ದರಂತೆ. ಆರೋಪ ರುಜುವಾಗಬೇಕಾದದ್ದು ನ್ಯಾಯಾಲಯದಲ್ಲಿ, ಆ ಮಾತು ಬೇರೆ. ಆದರೂ 59 ಹಾರಾಟ ಎಂಬ ಸಂಖ್ಯೆ ಕೇಳಿದ ಯಾರಿಗಾದರೂ ಅಷ್ಟು ಸಲ ಎಕ್ಸ್‌ರೇ ಯಂತ್ರದ ಮುಂದೆ ಕೂತವರು ಏನು ನೋಡುತ್ತಿದ್ದರು ಎಂದು ಅನಿಸುವುದು ಸಹಜ. ಕರಡು ನಿರ್ಣಯದ ಪ್ರಾಣ ಇರುವುದೇ ಈ ಪ್ರಶ್ನೆಯಲ್ಲಿ.

ಆ ಪ್ರಕರಣದ ಅರ್ಧ ಕತೆಯನ್ನಷ್ಟೇ ಹೇಳಿ ನಿಲ್ಲಿಸುವುದು ಸರಿಯಲ್ಲ. ಅದರ ಎಳೆ ಸಿಕ್ಕಿದ್ದು ಯಾವ ನಿಲ್ದಾಣದಲ್ಲೂ ಅಲ್ಲ. ಆ ಬಂಧನಕ್ಕೆ ಕೆಲವು ತಿಂಗಳ ಮೊದಲು ಮಂಗಳೂರಿನ ಪಂಪ್‌ವೆಲ್ ಬಳಿಯ ವಸತಿಗೃಹವೊಂದರಲ್ಲಿ ಒಬ್ಬನ ಬಳಿ 15 ಗ್ರಾಂ ಎಂಡಿಎಂಎ ಸಿಕ್ಕಿತು. ನಗರ ಅಪರಾಧ ವಿಭಾಗದ (ಸಿಸಿಬಿ) ಪೊಲೀಸರು ಅವನಿಗೆ ಕೊಟ್ಟವರು ಯಾರೆಂದು ಕೇಳುತ್ತ ಹೋದರು. ಅದು ಬೆಂಗಳೂರಿನಲ್ಲಿದ್ದ ನೈಜೀರಿಯಾದ ಪ್ರಜೆಯೊಬ್ಬನ ಹತ್ತಿರದ 6 ಕೆ.ಜಿ.ಗೂ ಹೆಚ್ಚಿನ ಸರಕಿಗೆ ಮುಟ್ಟಿತು. ಅವನಿಗೆ ಎಲ್ಲಿಂದ ಬರುತ್ತಿತ್ತೆಂದು ಹುಡುಕಿದಾಗ ಈ 37 ಕೆ.ಜಿ. ಹೊರಬಿತ್ತು. 15 ಗ್ರಾಮಿನಿಂದ ಅಲ್ಲಿಯ ತನಕ ಒಯ್ದದ್ದು ತಾಳ್ಮೆಯ ಪತ್ತೆದಾರಿಕೆ: ಫೋನು, ಹಣದ ಜಾಡು, ಹೆಸರಿಗೆ ಹೆಸರು ಜೋಡಿಸುವ ಕೆಲಸ. ಅದೇ ಸರಕಿನ ಒಂದು ಬ್ಯಾಗು ದೆಹಲಿ ನಿಲ್ದಾಣದ ತಪಾಸಣೆಯ ಸರತಿಯಲ್ಲಿ ಸಿಕ್ಕಿಬಿದ್ದಿದ್ದರೆ ಹೊತ್ತುಕೊಂಡು ಬಂದ ಕೂಲಿ ಜೈಲಿಗೆ ಹೋಗುತ್ತಿದ್ದಳು, ಮಾಲೀಕ ಮರುವಾರ ಇನ್ನೊಬ್ಬಳನ್ನು ಗೊತ್ತುಮಾಡುತ್ತಿದ್ದ.

ಇನ್ನು ವಿಮಾನ ನಿಲ್ದಾಣದಲ್ಲಿ ಆ ತಪಾಸಣೆಯ ಬಾಗಿಲು ಯಾಕಿದೆ ಎಂಬುದನ್ನು ನೋಡಿ. ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ ಬಿಸಿಎಎಸ್ 1987ರಲ್ಲಿ ಸ್ವತಂತ್ರ ಇಲಾಖೆಯಾದದ್ದು, ಏರ್ ಇಂಡಿಯಾದ ಕನಿಷ್ಕ ವಿಮಾನ 1985ರಲ್ಲಿ ಆಕಾಶದಲ್ಲೇ ಸ್ಫೋಟಗೊಂಡ ಮೇಲೆ. 1999ರ ಡಿಸೆಂಬರ್‌ನಲ್ಲಿ ಐಸಿ 814 ವಿಮಾನವನ್ನು ಕಂದಹಾರಕ್ಕೆ ಅಪಹರಿಸಿದ ಬಳಿಕ ನಿಲ್ದಾಣಗಳ ಕಾವಲು ಒಂದೊಂದಾಗಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯಾದ ಸಿಐಎಸ್‌ಎಫ್ ಕೈಗೆ ಬಂತು. ನಮ್ಮ ರಾಜ್ಯದಲ್ಲೇ 2020ರ ಜನವರಿಯಲ್ಲಿ ಮಂಗಳೂರು ನಿಲ್ದಾಣದ ಟಿಕೆಟ್ ಕೌಂಟರ್ ಬಳಿ ಸ್ಫೋಟಕ ತುಂಬಿದ ಬ್ಯಾಗು ಇಟ್ಟು ಹೋದಾಗ ಅದನ್ನು ಗುರುತಿಸಿದ್ದು ಈ ಪಡೆಯವರೇ. ಬೆಂಗಳೂರು ನಿಲ್ದಾಣವೊಂದರಲ್ಲೇ ವರ್ಷಕ್ಕೆ 4 ಕೋಟಿಗೂ ಹೆಚ್ಚು ಜನ ಓಡಾಡುತ್ತಾರೆ. ಯಾರ ಮೇಲೂ ಅನುಮಾನವಿಲ್ಲದೆ, ವಾರಂಟ್ ಇಲ್ಲದೆ ಇಷ್ಟು ಜನರ ಮೈ ಮುಟ್ಟಲು, ಚೀಲ ಬಿಚ್ಚಿಸಲು ನಾವು ಒಪ್ಪಿದ್ದೇವೆ. ಒಬ್ಬನ ಚೀಲದೊಳಗಿನ ಬಾಂಬು ಉಳಿದ ನೂರೈವತ್ತು ಜನರನ್ನೂ ಕೊಲ್ಲುತ್ತದೆ ಎಂಬ ಒಂದೇ ಕಾರಣಕ್ಕೆ ಕೊಟ್ಟ ಒಪ್ಪಿಗೆ ಅದು. ಚೀಲದಲ್ಲಿ ಗಾಂಜಾ ಇದ್ದರೆ ವಿಮಾನ ಬೀಳುವುದಿಲ್ಲ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 1973ರಲ್ಲೇ, ಡೇವಿಸ್ ಎಂಬುವನ ಪ್ರಕರಣದಲ್ಲಿ, ಈ ಶೋಧನೆ ಆಯುಧ ಮತ್ತು ಸ್ಫೋಟಕಗಳ ಪತ್ತೆಗೆ ಸೀಮಿತವಾಗಿರಬೇಕೆಂದು ಹೇಳಿತು. ಅಲ್ಲಿನ ತಪಾಸಣಾ ಸಂಸ್ಥೆ ಟಿಎಸ್‌ಎ ಇವತ್ತಿಗೂ ತನ್ನ ಸಿಬ್ಬಂದಿ ಮಾದಕ ವಸ್ತುವನ್ನು ಹುಡುಕುವುದಿಲ್ಲ, ಕಣ್ಣಿಗೆ ಬಿದ್ದರೆ ಪೊಲೀಸರಿಗೆ ತಿಳಿಸುತ್ತಾರೆ ಎಂದೇ ಹೇಳುತ್ತದೆ.

ಹೇಗೂ ಚೀಲ ನೋಡುತ್ತಾರಲ್ಲ, ಅದನ್ನೂ ನೋಡಿದರೆ ಏನು ನಷ್ಟ ಎಂದು ಕೇಳುವವರಿದ್ದಾರೆ. ನಷ್ಟವಾಗುವುದು ಕಣ್ಣಿಗೆ. ಎಕ್ಸ್‌ರೇ ಪರದೆಯಲ್ಲಿ ಲೋಹ ನೀಲಿಯಾಗಿ, ಸಾವಯವ ವಸ್ತು ಕಿತ್ತಳೆಯಾಗಿ ಕಾಣುತ್ತದೆ. ಸ್ಫೋಟಕವೂ ಕಿತ್ತಳೆ, ಎಂಡಿಎಂಎ ಕೂಡ ಕಿತ್ತಳೆ. ಮಾನ್ವಿಯ ತಾಯಿ ಮಗನಿಗೆ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿಯೂ, ಸಕ್ಕರೆಯೂ, ಸಾಬೂನೂ ಅದೇ ಬಣ್ಣ. ಅಪರೂಪಕ್ಕೆ ಬರುವ ವಸ್ತುವನ್ನು ಕಣ್ಣು ತಪ್ಪಿಸಿಕೊಳ್ಳುವುದು ಹೆಚ್ಚು ಎಂಬುದನ್ನು ಜೆರೆಮಿ ವುಲ್ಫ್ ಮತ್ತು ಸಂಗಡಿಗರು 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದರು. ಅರ್ಧದಷ್ಟು ಚಿತ್ರಗಳಲ್ಲಿ ಗುರಿ ಇದ್ದಾಗ ತಪ್ಪಿಹೋದದ್ದು ಶೇ. 7, ನೂರರಲ್ಲಿ ಒಂದರಲ್ಲಿ ಮಾತ್ರ ಇದ್ದಾಗ ಶೇ. 30. ಎರಡು ಬೇರೆ ಬೇರೆ ಬಗೆಯ ವಸ್ತುಗಳನ್ನು ಒಟ್ಟಿಗೇ ಹುಡುಕಲು ಹೇಳಿದರೆ ನಿಖರತೆ ಇನ್ನೂ ಕುಗ್ಗುತ್ತದೆ ಎಂಬುದು ಬ್ರಿಟನ್‌ನ ಟ್ಯಾಮರಿನ್ ಮೆನೀರ್ ಮತ್ತು ಜೊತೆಗಾರರ ಎಕ್ಸ್‌ರೇ ಪ್ರಯೋಗಗಳಲ್ಲಿ ಕಂಡದ್ದು. 2015ರಲ್ಲಿ ಹೊರಬಿದ್ದ ವರದಿಯಂತೆ, ಅಮೆರಿಕದಲ್ಲಿ ಗುಟ್ಟಾಗಿ ನಡೆಸಿದ 70 ಪರೀಕ್ಷೆಗಳಲ್ಲಿ 67ರಲ್ಲಿ ನಕಲಿ ಬಾಂಬು, ಆಯುಧಗಳು ತಪಾಸಣೆ ದಾಟಿ ಒಳಗೆ ಹೋದವು. ಮುಖ್ಯ ಕೆಲಸದಲ್ಲೇ ಇಷ್ಟು ಸೋಲುವ ಕಣ್ಣಿಗೆ ಎರಡನೆಯ ಕೆಲಸ ಹೇರುವುದು ಜಾಣತನವಲ್ಲ. ಅದರಲ್ಲೂ ಆ ಎರಡನೆಯದು ಸಿಕ್ಕರೆ ಪತ್ರಿಕೆಯಲ್ಲಿ ಫೋಟೊ, ಬಡ್ತಿ. ಬಾಂಬು ಸಿಗದೆ ಇಡೀ ಸೇವೆ ಕಳೆಯಬಹುದು. ಮನುಷ್ಯನ ಗಮನ ಎತ್ತ ವಾಲುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಕೂತಿರುವ ವಕೀಲ ಮಿತ್ರರು ಮುಂದಿನ ಮಾತನ್ನು ನನಗಿಂತ ಚೆನ್ನಾಗಿ ಬಲ್ಲರು. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಮಿನ ಪ್ರಕಾರ, ಮೈ ಶೋಧಿಸುವ ಮುಂಚೆ ಆ ವ್ಯಕ್ತಿಗೆ ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟರ ಎದುರೇ ಶೋಧ ನಡೆಸಲು ಕೇಳುವ ಹಕ್ಕಿದೆ ಎಂದು ತಿಳಿಸಬೇಕು. 1999ರ ಬಲದೇವ್ ಸಿಂಗ್, 2010ರ ವಿಜಯಸಿಂಹ ಜಡೇಜಾ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠಗಳು ಇದನ್ನು ಕಡ್ಡಾಯವೆಂದಿವೆ. ಬೇರೆ ಕಾರಣಕ್ಕೆ ನಡೆದ ತಪಾಸಣೆಯಲ್ಲಿ ವಸ್ತು ಅಕಸ್ಮಾತ್ತಾಗಿ ಸಿಕ್ಕರೆ ಮಾತ್ರ ಈ ಕಲಮು ಅಡ್ಡ ಬರುವುದಿಲ್ಲ. ಅಂದರೆ ಸಿಬ್ಬಂದಿ ಆಯುಧವನ್ನಷ್ಟೇ ಹುಡುಕುತ್ತಿರುವವರೆಗೆ, ಜೇಬಿನಿಂದ ಉದುರಿದ ಪೊಟ್ಟಣಕ್ಕೆ ಸಾಕ್ಷ್ಯದ ಬಲವಿದೆ. ಮಾದಕ ವಸ್ತುವನ್ನೂ ಹುಡುಕಿರೆಂದು ಆದೇಶ ಬರೆದ ಕೂಡಲೇ ‘ಅಕಸ್ಮಾತ್’ ಎಂಬ ಆಸರೆ ಹೋಯಿತು. ನಿರ್ಣಯ ಯಾರನ್ನು ಹಿಡಿಯಬೇಕೆನ್ನುತ್ತದೋ ಅವರ ಬಿಡುಗಡೆಗೇ ದಾರಿಯಾಯಿತು. ಚೀಲಕ್ಕೆ ಈ ಕಲಮು ಅನ್ವಯಿಸುವುದಿಲ್ಲ ಎಂದು 2005ರ ಪವನ್ ಕುಮಾರ್ ತೀರ್ಪು ಹೇಳಿದೆ, ನಿಜ. ಚೀಲದ ಮಟ್ಟಿಗೆ ನನ್ನ ವಾದ ಕಾನೂನಿಗಿಂತ ಕಣ್ಣಿನ ಮಿತಿಯ ಮೇಲೆಯೇ ನಿಲ್ಲಬೇಕು.

2019ರಲ್ಲಿ ರೈಲ್ವೆ ರಕ್ಷಣಾ ಪಡೆಯಾದ ಆರ್‌ಪಿಎಫ್‌ಗೆ ಎನ್‌ಡಿಪಿಎಸ್ ಅಡಿ ಶೋಧಿಸುವ, ಬಂಧಿಸುವ ಅಧಿಕಾರ ಕೊಟ್ಟರು, ನಮ್ಮ ರಾಯಚೂರು ರೈಲು ನಿಲ್ದಾಣದಲ್ಲಿ ಆಗುವುದು ವಿಮಾನ ನಿಲ್ದಾಣದಲ್ಲಿ ಯಾಕಾಗಬಾರದು ಎಂಬ ಆಕ್ಷೇಪ ಗಟ್ಟಿಯಾದದ್ದು. ಆದರೆ ಆ ಅಧಿಕಾರ ಇರುವುದು ನಿರ್ದಿಷ್ಟ ದರ್ಜೆಯ ಅಧಿಕಾರಿಗೆ, ಅದೂ ನಂಬಲು ಕಾರಣವಿದ್ದಾಗ. ರೈಲು ಹತ್ತುವ ಪ್ರತಿಯೊಬ್ಬರನ್ನೂ ಸಾಲಿನಲ್ಲಿ ನಿಲ್ಲಿಸಿ ಮೈ ತಡವುವ ಅಧಿಕಾರ ಅದಲ್ಲ. ವಿಮಾನ ನಿಲ್ದಾಣದಲ್ಲೂ ಅದೇ ಮಾದರಿ ಬರಲಿ ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ದೇಶದೊಳಗಿನ ಹಾರಾಟಗಳ ಲಗೇಜು ಬರುವ ಕಡೆಯೂ ಮಾದಕ ವಸ್ತು ನಿಯಂತ್ರಣ ಬ್ಯೂರೊ ಎನ್‌ಸಿಬಿ ಅಥವಾ ರಾಜ್ಯ ಪೊಲೀಸರ ಪ್ರತ್ಯೇಕ ತಂಡ, ತರಬೇತಾದ ನಾಯಿ, ಪದೇ ಪದೇ ಹಾರುವವರ ಟಿಕೆಟ್ ಜಾಡು ನೋಡುವ ವ್ಯವಸ್ಥೆ ಇರಬೇಕು. 59 ಹಾರಾಟಗಳು ಎದ್ದು ಕಾಣಬೇಕಾಗಿದ್ದುದು ಟಿಕೆಟ್ ದಾಖಲೆಯಲ್ಲಿ. ತಪ್ಪು ಮಾಡದವನಿಗೆ ಶೋಧದ ಭಯವೇಕೆ ಎಂಬ ಇನ್ನೊಂದು ಮಾತಿದೆ. ವೈದ್ಯರು ಬರೆದುಕೊಟ್ಟ ಆಲ್ಪ್ರಜೋಲಾಂ ಮಾತ್ರೆ ಇಟ್ಟುಕೊಂಡು ಚೀಟಿ ಮರೆತು ಬಂದ ಅಜ್ಜಿಗೆ ಭಯವಿದೆ. ಆ ಮಾತ್ರೆ ಎನ್‌ಡಿಪಿಎಸ್ ಪಟ್ಟಿಯಲ್ಲೇ ಇದೆ.

ಕೊನೆಗೆ ನಮ್ಮ ಜಿಲ್ಲೆಯ ಮಾತು. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳನ್ನು ತಿನ್ನುತ್ತಿರುವುದು ವಿಮಾನದಲ್ಲಿ ಬರುವ ಎಂಡಿಎಂಎ ಅಲ್ಲ. ಅದು ಸಿಎಚ್ ಪೌಡರ್ ಬೆರೆಸಿದ ಕಲಬೆರಕೆ ಸೇಂದಿ. ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆ ಔಷಧವನ್ನು ನೀರಿಗೆ ಕಲಸಿ, ಈಚಲ ಮರದ ಮುಖವನ್ನೇ ಕಾಣದ ‘ಸೇಂದಿ’ಯನ್ನು ಕೂಲಿಕಾರರ ಕೈಗೆ ಕೊಡುತ್ತಾರೆ. ಅಭ್ಯಾಸವಾದವರಿಗೆ ಒಂದು ದಿನ ತಪ್ಪಿದರೆ ಕೈಕಾಲು ನಡುಗುತ್ತದೆ. ಆ ಪುಡಿ ಬರುವುದು ರಸ್ತೆಯಲ್ಲಿ, ಬೈಕಿನ ಮೇಲೆ, ಬಸ್ಸಿನ ಸೀಟಿನಡಿ, ಕೃಷ್ಣೆ ತುಂಗಭದ್ರೆಗಳ ಆಚೆ ಈಚೆ. ಅದನ್ನು ತಡೆಯಬೇಕಾದದ್ದು ಅಬಕಾರಿ ಇಲಾಖೆ, ಔಷಧ ನಿಯಂತ್ರಣದವರು, ಗಡಿಯ ಚೆಕ್‌ಪೋಸ್ಟ್. ಆದ್ದರಿಂದ ಕರಡಿಗೆ ಎರಡು ತಿದ್ದುಪಡಿ ಸೂಚಿಸುತ್ತೇನೆ. ವಿಮಾನ ಪ್ರಯಾಣಿಕರ ಶೋಧದ ಸಾಲನ್ನು ತೆಗೆದು, ನಿಲ್ದಾಣಗಳಲ್ಲಿ ಪ್ರತ್ಯೇಕ ಪತ್ತೆ ತಂಡ ಇರಲಿ ಎಂದು ಬರೆಯೋಣ. ಅದರ ಕೆಳಗೆ, ಕ್ಲೋರಲ್ ಹೈಡ್ರೇಟ್ ಯಾವ ಕಾರ್ಖಾನೆಯಿಂದ ಹೊರಟು ಯಾರ ರಸೀದಿಯ ಮೇಲೆ ಈ ಜಿಲ್ಲೆಗೆ ಬಂತೆಂಬ ಲೆಕ್ಕವನ್ನು ಕರ್ನಾಟಕ, ತೆಲಂಗಾಣ, ಆಂಧ್ರ ಮೂರೂ ಸರ್ಕಾರಗಳು ಒಟ್ಟಾಗಿ ಇಡಬೇಕು, ಮಾನ್ವಿ ಮತ್ತು ದೇವದುರ್ಗದ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಚಟ ಬಿಡಿಸುವ ಹಾಸಿಗೆಗಳನ್ನು ತೆರೆಯಬೇಕು ಎಂದು ಸೇರಿಸೋಣ. ಮಧ್ಯಾಹ್ನದ ಗೋಷ್ಠಿಯಲ್ಲಿ ಇವೆರಡನ್ನೂ ಮತಕ್ಕೆ ಹಾಕಬೇಕೆಂದು ಕೋರುತ್ತೇನೆ.