ನಿಮ್ಮ ಹಟ್ಟಿಗೆ ಬರುವ ಡಾಕ್ಟರು

(ಮಂಗಳೂರಿನಲ್ಲಿ ನಡೆದ ಹಾಲು ಉತ್ಪಾದಕರ ತರಬೇತಿ ಶಿಬಿರದಲ್ಲಿ ನಿವೃತ್ತ ಪಶುವೈದ್ಯಾಧಿಕಾರಿಯೊಬ್ಬರು ಮಾಡಿದ ಭಾಷಣ)



ಪಶು ಆಹಾರ, ಹಸಿರು ಹುಲ್ಲು, ಕೆಚ್ಚಲು ಬಾವು ಇವುಗಳ ಬಗ್ಗೆ ಬೆಳಗ್ಗಿನಿಂದ ತಾವು ಸಾಕಷ್ಟು ಕೇಳಿದ್ದೀರಿ. ಈಗ ಊಟವಾಗಿದೆ, ಕಣ್ಣು ಎಳೆಯುವ ಹೊತ್ತು. ಆದುದರಿಂದ ದನದ ವಿಷಯ ಸ್ವಲ್ಪ ಬದಿಗಿಟ್ಟು ದನದ ಡಾಕ್ಟರ ವಿಷಯ ಹೇಳೋಣವೆಂದಿದ್ದೇನೆ.

ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. 1903ರಲ್ಲಿ ಆರಂಭವಾದ ಮದ್ರಾಸಿನ ಪಶುವೈದ್ಯ ಕಾಲೇಜೇ ಆಗ ಈ ಕಡೆಯವರಿಗೆ ದಾರಿ. 1958ರಲ್ಲಿ ಹೆಬ್ಬಾಳದಲ್ಲಿ ಕಾಲೇಜು ಆಯಿತು. ಆ ಮೇಲೆ ಬೀದರ, ಹಾಸನ, ಶಿವಮೊಗ್ಗಗಳಲ್ಲೂ ಬಂತು. ಓದು ಐದೂವರೆ ವರ್ಷದ್ದು. ಮನುಷ್ಯರ ಡಾಕ್ಟರಿಗೆ ಒಂದೇ ಜಾತಿಯ ಶರೀರ. ನಮಗೆ ದನ, ಎಮ್ಮೆ, ಕುದುರೆ, ಆಡು, ಹಂದಿ, ನಾಯಿ, ಕೋಳಿ ಎಲ್ಲವೂ. ಅದರಲ್ಲಿ ಒಂದಾದರೂ ಬಾಯಿಬಿಟ್ಟು ಇಂಥ ಕಡೆ ನೋವು ಎಂದು ಹೇಳುವುದಿಲ್ಲ. ಅದರ ಪರವಾಗಿ ಹೇಳಬೇಕಾದವರು ತಾವು. ಅಲ್ಲಿಯೇ ತೊಂದರೆ ಇರುವುದು, ಅದಕ್ಕೆ ಮತ್ತೆ ಬರುತ್ತೇನೆ.

ಮಂಗಳೂರಿನಂಥ ನಗರದ ಪಶು ಆಸ್ಪತ್ರೆಯಲ್ಲಿ ಬೆಳಗ್ಗೆ ಒಂದು ಗಂಟೆ ಕುಳಿತು ನೋಡಿ. ಒಂದು ನಾಯಿ ಕಾರಿನಲ್ಲಿ ಬಂದಿರುತ್ತದೆ, ಅದರ ಹಿಂದೆ ಆಡೊಂದು ಆಟೋರಿಕ್ಷಾದಲ್ಲಿ. ಶಾಲೆಯ ಹುಡುಗನೊಬ್ಬ ರಟ್ಟಿನ ಪೆಟ್ಟಿಗೆಯಲ್ಲಿ ಬೆಕ್ಕಿನ ಮರಿ ಹಿಡಿದುಕೊಂಡು ನಿಂತಿರುತ್ತಾನೆ. ಬೀದಿಯಲ್ಲಿ ಮೇಯುವ ದನದ ಹೊಟ್ಟೆ ಕೊಯ್ದರೆ ಬುಟ್ಟಿಗಟ್ಟಲೆ ಪ್ಲಾಸ್ಟಿಕ್ ಚೀಲ, ಕೆಲವೊಮ್ಮೆ ತಂತಿ, ಮೊಳೆ. ಮಧ್ಯಾಹ್ನದ ಮೇಲೆ ಹಳ್ಳಿಯ ಕರೆಗಳು. ಕರು ಅಡ್ಡ ಬಂದರೆ, ಕರು ಹಾಕಿದ ದನ ಏಳದಿದ್ದರೆ, ರಾತ್ರಿ ಎರಡು ಗಂಟೆಗೂ ಕರೆ. ಮಳೆಗಾಲದಲ್ಲಿ ಗುಡ್ಡದ ಕೆಳಗೆ ಸ್ಕೂಟರ್ ಬಿಟ್ಟು ಅಡಿಕೆ ತೋಟದ ಸಂಕ ದಾಟಿಕೊಂಡು ಹೋದದ್ದಕ್ಕೆ ನನ್ನಲ್ಲಿ ಲೆಕ್ಕವಿಲ್ಲ.

ಹಾಲು ಜ್ವರ ನಿಮಗೆ ಗೊತ್ತು. ಹೆಸರಿಗೆ ಜ್ವರ, ಆದರೆ ಮೈ ತಣ್ಣಗಾಗುತ್ತದೆ, ಕಿವಿ ತಣ್ಣಗಿರುತ್ತದೆ, ದನ ಕತ್ತನ್ನು ಪಕ್ಕೆಗೆ ಹಾಕಿ ಮಲಗುತ್ತದೆ. ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಕೊಟ್ಟರೆ ಅದೇ ದನ ಸ್ವಲ್ಪ ಹೊತ್ತಿನಲ್ಲಿ ಎದ್ದು ನಿಲ್ಲುವುದುಂಟು. ಮನೆಯವರು ಡಾಕ್ಟರನ್ನು ದೇವರೆನ್ನುತ್ತಾರೆ. ಅದೇ ಬಾಟಲಿ ಅವಸರದಲ್ಲಿ ಓಡಿದರೆ ಹೃದಯ ನಿಂತು ದನ ಅಲ್ಲೇ ಸಾಯಬಹುದು. "ಬೇಗ ಬಿಡಿ ಡಾಕ್ಟ್ರೇ" ಎಂದು ಹಿಂದಿನಿಂದ ಹೇಳುವವರಿಗೆ ಇದು ತಿಳಿದಿರಲಿ.

ಈಗ ನನ್ನದೇ ಒಂದು ಸಂಗತಿ. ಹಲಸಿನ ಕಾಲ. ಒಂದು ಮನೆಯಿಂದ ಕರೆ ಬಂತು. ದನ ಮೇವು ಬಿಟ್ಟಿದೆ, ಬಾಯಿಯಿಂದ ಜೊಲ್ಲು ಸುರಿಯುತ್ತಿದೆ. "ಹಲಸಿನ ತುಂಡು ಗಂಟಲಲ್ಲಿ ಸಿಕ್ಕಿದೆ ಡಾಕ್ಟ್ರೇ, ಒಮ್ಮೆ ಕೈ ಹಾಕಿ ನೋಡಿ ಮಾರಾಯ್ರೇ" ಎಂದರು ಯಜಮಾನರು. ಅವರೂ ಬೆಳಗ್ಗೆ ಕೈ ಹಾಕಿ ನೋಡಿದ್ದರು. ನನ್ನ ಚೀಲದಲ್ಲಿ ಗ್ಲೌಸು ಮುಗಿದಿತ್ತು. ಹಾಗೆಯೇ ಕೈ ಹಾಕಿದೆ. ಗಂಟಲಲ್ಲಿ ಏನೂ ಇರಲಿಲ್ಲ. ಹಲ್ಲು ತಾಗಿ ಬೆರಳು ತರಚಿತು. ಕೈ ತೊಳೆಯುತ್ತಿದ್ದಾಗ ದನ ಕೂಗಿತು. ಒಡೆದ, ಗೊಗ್ಗರು ದನಿ. ಆ ದನಿ ಕೇಳಿದ ಮೇಲೆ ನನಗೆ ಸಂಶಯ ಉಳಿಯಲಿಲ್ಲ.

"ನಾಯಿ ಏನಾದರೂ ಕಚ್ಚಿತ್ತೇ?" ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ. ಒಳಗಿನಿಂದ ಅಜ್ಜಿ ಬಂದು, ಒಂದೂವರೆ ತಿಂಗಳ ಹಿಂದೆ ಒಂದು ನಾಯಿ ಹಟ್ಟಿಗೆ ನುಗ್ಗಿತ್ತು ಎಂದರು. ಹೇಳಿದರೆ ಸೊಸೈಟಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲವೇನೋ ಎಂಬ ಹೆದರಿಕೆಯಂತೆ. ಮೂರನೆಯ ದಿನ ದನ ಸತ್ತಿತು. ಮೆದುಳಿನ ಮಾದರಿಯ ಪರೀಕ್ಷೆಯಲ್ಲಿ ಹುಚ್ಚುನಾಯಿ ರೋಗವೆಂದು ಖಚಿತವಾಯಿತು. ಅದಕ್ಕೆ ಕಾಯದೆ ಮೊದಲ ದಿನವೇ ನಾವೆಲ್ಲರೂ ಇಂಜೆಕ್ಷನ್ ಆರಂಭಿಸಿದ್ದೆವು. ಯಜಮಾನರು, ಅವರ ಹೆಂಡತಿ, ನಾನು, ಸಹಾಯಕ್ಕೆ ಬಂದಿದ್ದ ಪಕ್ಕದ ಮನೆಯ ಹುಡುಗ. ಆ ಒಂದು ತಿಂಗಳು ನನ್ನ ಮನೆಯಾಕೆ ಸರಿಯಾಗಿ ನಿದ್ದೆ ಮಾಡಲಿಲ್ಲ. ನಾನು ಮಾಡಿದೆನೆಂದು ಹೇಳಿದರೆ ಅದು ಸುಳ್ಳು. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಿಗಾಗಲಿ ದನಕ್ಕಾಗಲಿ ಮದ್ದು ಇಲ್ಲವೆಂಬುದು ನಮ್ಮ ವೃತ್ತಿಯವರಿಗೆ ಪುಸ್ತಕ ನೋಡದೆಯೇ ಗೊತ್ತು.

ತಪ್ಪು ನನ್ನದೂ ಹೌದು. ಪಶುವೈದ್ಯರು ಮುಂಚಿತವಾಗಿಯೇ ಈ ಲಸಿಕೆ ಹಾಕಿಸಿಕೊಳ್ಳಬೇಕು. ಇಂದಿನ ಕಾಲ, ನಾಳಿನ ಕಾಲ ಎಂದು ನಾನು ಮುಂದೂಡಿದ್ದೆ. ನಿಮಗೆ ಹೇಳುವುದಿಷ್ಟು: ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಬೇಡಿ. ನಾಯಿ ಕಚ್ಚಿದ್ದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು, ಕೂಡಲೇ ಡಾಕ್ಟರಿಗೆ ತಿಳಿಸಿ. ಕಚ್ಚಿಸಿಕೊಂಡ ದನಕ್ಕೂ ಸಕಾಲದಲ್ಲಿ ಲಸಿಕೆ ಕೊಡಬಹುದು.

ಇನ್ನೊಂದು ಕಂದು ರೋಗ. ದನ ತಿಂಗಳು ತುಂಬದೆ ಕಂದು ಹಾಕಿತು, ಮಾಸು ಬೀಳಲಿಲ್ಲ ಎಂದು ಕರೆಯುತ್ತೀರಿ. ಡಾಕ್ಟರು ಭುಜದವರೆಗೆ ಕೈ ಹಾಕುತ್ತಾರೆ. ಅದೇ ರೋಗ ಅವರಿಗೆ ಅಂಟಿದರೆ ಬಿಟ್ಟು ಬಿಟ್ಟು ಬರುವ ಜ್ವರ, ತಿಂಗಳುಗಟ್ಟಲೆ ಗಂಟು ನೋವು. ಹೆಣ್ಣು ಕರುವಿಗೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಲಸಿಕೆ ಹಾಕಿಸಿದರೆ ನಿಮ್ಮ ಹಟ್ಟಿಗೂ ಒಳ್ಳೆಯದು, ನಮ್ಮ ಮೈಗೂ ಒಳ್ಳೆಯದು.

ನಮ್ಮ ಇಲಾಖೆಯ ಒಂದು ವಿಚಿತ್ರ ಹೇಳುತ್ತೇನೆ. ಇಪ್ಪತ್ತು ವರ್ಷ ಹಟ್ಟಿ ಸುತ್ತಿ ಕೈ ಪಳಗಿದ ಮೇಲೆ ಬಡ್ತಿ ಬರುತ್ತದೆ. ಸಹಾಯಕ ನಿರ್ದೇಶಕ, ಉಪನಿರ್ದೇಶಕ ಎಂದಾದ ಮೇಲೆ ಕೈಗೆ ಸಿಗುವುದು ಕಡತ. ಪಳಗಿದ ಕೈ ಸಹಿ ಹಾಕಲು ಹೋಗುತ್ತದೆ, ಹೊಸಬರು ಹಟ್ಟಿಗೆ ಬರುತ್ತಾರೆ. ಹೊಸಬರಲ್ಲಿ ಕೆಲವರು ನಗರದ ನಾಯಿ, ಬೆಕ್ಕಿನ ಕ್ಲಿನಿಕ್ ಕಡೆಗೆ ಹೋಗುತ್ತಾರೆ. ಅವರನ್ನು ದೂರಲಾರೆ. ಅಲ್ಲಿ ರಾತ್ರಿ ನಿದ್ದೆ ಉಂಟು.

ಈಗ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಬರುತ್ತಿದ್ದಾರೆ. "ಹೆಂಗಸು ಡಾಕ್ಟ್ರು ಕರು ಎಳೆಯುವುದುಂಟೇ?" ಎಂದು ಕೇಳಿದವರನ್ನು ನಾನು ಕಂಡಿದ್ದೇನೆ. ಕರು ಎಳೆಯುವುದಲ್ಲ, ತಿರುಗಿಸುವುದು. ಅದಕ್ಕೆ ಬೇಕಾದದ್ದು ಸಪೂರ ಕೈ ಮತ್ತು ತಾಳ್ಮೆ. ನಾಲ್ಕು ಜನ ಗಂಡಸರು ಹಗ್ಗ ಹಾಕಿ ಎಳೆದು ಗರ್ಭಕೋಶ ಹರಿದ ಮೇಲೆ ನನ್ನನ್ನು ಕರೆದದ್ದೂ ಉಂಟು.

ದನಗಳ ದೊಡ್ಡ ರೋಗದ ಹೆಸರು ಇಲ್ಲಿರುವ ಹಿರಿಯರಿಗೆ ನೆನಪಿರಬಹುದು. ಹಟ್ಟಿಗೆ ಹಟ್ಟಿಯೇ ಬರಿದಾಗುತ್ತಿತ್ತು. ಐಸ್ ಪೆಟ್ಟಿಗೆಯಲ್ಲಿ ಲಸಿಕೆ ಹೊತ್ತು ಊರೂರು ಸುತ್ತಿದವರಿಂದಾಗಿ 2006ರಲ್ಲಿ ಭಾರತವೂ 2011ರಲ್ಲಿ ಇಡೀ ಜಗತ್ತೂ ಅದರಿಂದ ಮುಕ್ತವೆಂದು ಘೋಷಣೆಯಾಯಿತು. ಮನುಷ್ಯರ ಸಿಡುಬು ಬಿಟ್ಟರೆ ಹೀಗೆ ನಿರ್ನಾಮವಾದ ಕಾಯಿಲೆ ಇದೊಂದೇ. ಯಾರೂ ಹಾರ ಹಾಕಲಿಲ್ಲ, ಇರಲಿ. 2022ರಲ್ಲಿ ಚರ್ಮಗಂಟು ರೋಗ ಬಂದಾಗಲೂ ಮನೆಮನೆಗೆ ಹೋದವರು ಇವರೇ.

ಡಾಕ್ಟರು ಬರುವಾಗ ದನವನ್ನು ಗುಡ್ಡೆಗೆ ಬಿಡಬೇಡಿ, ಕಟ್ಟಿ ಹಾಕಿಡಿ. ಒಂದು ಬಾಲ್ದಿ ಬಿಸಿನೀರು, ಸಾಬೂನು, ರಾತ್ರಿಯಾದರೆ ಒಳ್ಳೆಯ ಬೆಳಕು ಇರಲಿ. ಮೊದಲು ಯಾರು ಯಾವ ಇಂಜೆಕ್ಷನ್ ಕೊಟ್ಟಿದ್ದಾರೆಂದು ಮುಚ್ಚಿಡದೆ ಹೇಳಿ. ಡಾಕ್ಟರು ಇಷ್ಟು ದಿನ ಹಾಲು ಸೊಸೈಟಿಗೆ ಹಾಕಬೇಡಿ ಎಂದರೆ ಹಾಕಬೇಡಿ. ಆ ಹಾಲಿನಲ್ಲಿ ಮದ್ದಿನ ಅಂಶ ಇರುತ್ತದೆ. ಊರಿನ ಡಾಕ್ಟರು ಸಿಗದಿದ್ದರೆ 1962ಕ್ಕೆ ಫೋನು ಮಾಡಿ, ಸಂಚಾರಿ ಚಿಕಿತ್ಸಾ ವಾಹನಕ್ಕೆ ಹೇಳಬಹುದು.

ಆ ಮನೆಯ ಅಜ್ಜಿ ಅನಂತರ ಏನಾದರೂ ಆದರೆ ಮೊದಲು ನನಗೇ ಹೇಳಿ ಕಳುಹಿಸುತ್ತಿದ್ದರು, ಕೋಳಿ ಕುಂಟಿದರೂ ಸಹ. ಈಗ ತಮ್ಮ ಪ್ರಶ್ನೆಗಳಿದ್ದರೆ ಕೇಳಬಹುದು. ಹಿಂದಿನ ಸಾಲಿನವರು ಸ್ವಲ್ಪ ಗಟ್ಟಿಯಾಗಿ ಕೇಳಿ, ನನಗೆ ಕಿವಿ ಮಂದ.