ನೆರೆಯವರು ಕೊಟ್ಟ ನುಡಿ

ತಿರುವೊಟ್ಟಿಯೂರಿನ ಕೇಳುಗ ಬಂಧುಗಳೇ,

ಆಫ್ರಿಕಾದ ದಕ್ಷಿಣ ಭಾಗದಲ್ಲಿ ಮೊದಲಿದ್ದವರು ಖೋಯ್‌ಸಾನರು. ಅವರಲ್ಲಿ ಸಾನರು ಬೇಟೆಯಾಡಿ, ಗೆಡ್ಡೆಗೆಣಸು ಅಗೆದು, ಸಿಕ್ಕಿದ್ದನ್ನು ಹಂಚಿ ಉಣ್ಣುವವರು. ಖೋಯ್‌ಗಳು ದನ, ಕುರಿ ಸಾಕುವವರು. ಆಮೇಲೆ ಬಂದ ಬಂಟು ಜನರು ಬೇಸಾಯ, ಕಬ್ಬಿಣದ ಕುಲುಮೆ ಬಲ್ಲವರು, ಅವರಿಗೆ ಒಡೆಯರಿದ್ದರು. ಆದರೂ ನುಡಿಯಲ್ಲಿ ಸಾಲ ಪಡೆದವರು ಬಂಟುಗಳೇ. ಮಂಡೇಲಾ ಅವರ ಮನೆಮಾತಾದ ಖೋಸಾದಲ್ಲಿ ಖೋಯ್‌ಸಾನರ ಲೊಚಗುಟ್ಟುವ ಧ್ವನಿಗಳು ಇಂದಿಗೂ ಇವೆ. ಸಾನರ ಕ್ಸಾಮ್ ಭಾಷೆಯಾದರೋ 2000ದಲ್ಲಿ ದಕ್ಷಿಣ ಆಫ್ರಿಕಾದ ಲಾಂಛನವೇರಿತು. ಅದನ್ನಾಡುವ ಮನೆ ಮಾತ್ರ ಒಂದೂ ಉಳಿದಿಲ್ಲ.

ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಯರ ಬೇರೂ ಬಂಟು ಜನರಲ್ಲಿದೆ. ಇಂದು ಅವರಾಡುವುದು ಕೊಂಕಣಿ, ಕನ್ನಡ.

ನಿಮ್ಮ ಮಕ್ಕಳ ಕನ್ನಡದಲ್ಲಿ ತಮಿಳು ಬೆರೆತರೆ ಬೇಸರ ಬೇಡ. ಬೆರೆತ ನುಡಿ ಬದುಕುತ್ತದೆ. ಆಡದ ನುಡಿ ಅಳಿಯುತ್ತದೆ. ಮನೆಯಲ್ಲಿ ಕನ್ನಡ ಆಡಿ.